ಕೂಲೆಂಟ್ ಎಲ್ಲಿಂದ ಸೋರುತ್ತಿದೆ? ಹನಿ ಬಿದ್ದ ಜಾಗವನ್ನು ನಂಬಬೇಡಿ

ಕಾರಿನ ಕೆಳಗೆ ಹಸಿರೋ ಗುಲಾಬಿಯೋ ಬಣ್ಣದ ಕೂಲೆಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಕಲೆ ಕಂಡ ತಕ್ಷಣ ಗ್ಯಾರೇಜಿಗೆ ಓಡಬೇಕಿಲ್ಲ. ಹಾಗಂತ ಕೂಲೆಂಟ್ ಡಬ್ಬಿಗೆ ಒಂದು ಬಾಟಲಿ ನೀರು ಸುರಿದು ಮರೆತುಬಿಡುವುದೂ ಬೇಡ. ಸೋರುವ ಜಾಗವನ್ನು ಬಹಳಷ್ಟು ಸಲ ಮನೆಯಲ್ಲೇ ಹುಡುಕಬಹುದು. ಒಂದು ಟಾರ್ಚ್, ದೊಡ್ಡ ರಟ್ಟು, ಟಿಶ್ಯೂ ಪೇಪರ್, ಕೈಗೆ ಗ್ಲೌಸ್ ಇದ್ದರೆ ಸಾಕು. ಜಾಗ ಗೊತ್ತಿಲ್ಲದೆ ಗಾಡಿ ಬಿಟ್ಟರೆ ಏನಾಗುತ್ತದೆ ಗೊತ್ತಲ್ವಾ? ಸಡಿಲ ಆಗಿದ್ದದ್ದು ಒಂದು ಕ್ಲಿಪ್, ಬಿಲ್ಲಿನಲ್ಲಿ ಬರುವುದು ಹೊಸ ರೇಡಿಯೇಟರ್.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹನಿ ಬಿದ್ದ ಜಾಗದ ನೇರ ಮೇಲೆಯೇ ಲೀಕ್ ಇರಬೇಕೆಂದಿಲ್ಲ. ಮೇಲೆಲ್ಲೋ ಜಿನುಗಿದ ಕೂಲೆಂಟ್ ಹೋಸ್ ಹಿಡಿದು ಇಳಿದು, ಎಂಜಿನ್ನಿನ ಪಕ್ಕದಲ್ಲಿ ಹರಿದು, ಕೆಳಗಿನ ಪ್ಲಾಸ್ಟಿಕ್ ಕವರ್ ಮೇಲೆ ನಿಂತು, ಕೊನೆಗೆ ಎಲ್ಲಿ ತೂತು ಸಿಗುತ್ತದೋ ಅಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹುಡುಕಿಕೊಂಡು ಹೋಗಬೇಕು. ಒದ್ದೆಯಾಗಿರುವುದರಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಯಾವುದೋ ಅದರ ಆಸುಪಾಸಿನಲ್ಲೇ ಲೀಕ್ ಇರುತ್ತದೆ.

ಮೊದಲು, ಅದು ಕೂಲೆಂಟೇನಾ?

ಏಸಿ ಹಾಕಿಕೊಂಡು ಬಂದು ನಿಲ್ಲಿಸಿದರೆ ಮುಂದಿನ ಎಡ ಸೀಟಿನ ಕಡೆ ಕೆಳಗೆ ನೀರು ಬೀಳುವುದು ಮಾಮೂಲಿ. ಅದಕ್ಕೆ ಬಣ್ಣ, ವಾಸನೆ ಎರಡೂ ಇರುವುದಿಲ್ಲ, ಬೇಗ ಆರಿಹೋಗುತ್ತದೆ. ಟಿಶ್ಯೂ ಒತ್ತಿ ನೋಡಿ. ಬಣ್ಣ ಹತ್ತಿದರೆ, ಬೆರಳಿಗೆ ಜಾರು ಜಾರಾಗಿ ಅಂಟಿದರೆ, ಒಂಥರಾ ಸಿಹಿ ವಾಸನೆ ಬಂದರೆ ಕೂಲೆಂಟ್. ಬಾಯಿಗೆ ಮಾತ್ರ ಇಡಬೇಡಿ. ಸಾಮಾನ್ಯವಾಗಿ ಇದರಲ್ಲಿರುವುದು ಎಥಿಲೀನ್ ಗ್ಲೈಕಾಲ್, ಅಂದರೆ ವಿಷ. ರುಚಿ ಸಿಹಿ ಇರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ. ನಮ್ಮ ಬೀದಿಗಳಲ್ಲಿ ನಾಯಿಗಳು ಮಲಗುವುದೇ ಕಾರಿನ ಕೆಳಗೆ. ಹಾಗಾಗಿ ಕಲೆ ಕಂಡ ಕೂಡಲೇ ಮರಳೋ ಮರದ ಹೊಟ್ಟೋ ಹಾಕಿ ಹೀರಿಸಿ ಎತ್ತಿ, ಆಮೇಲೆ ತೊಳೆಯಿರಿ.

ಎಂಜಿನ್ ತಣ್ಣಗಿರುವಾಗ ಮಾಡುವ ಕೆಲಸ

ಹಿಂದಿನ ರಾತ್ರಿ ನಿಲ್ಲಿಸಿದ ಗಾಡಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು. ಇದೇ ಸರಿಯಾದ ಹೊತ್ತು. ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಸರಿಯಾಗಿ ಹೊರಗಡೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಎಲ್ಲಿದ್ದರೂ ಪರವಾಗಿಲ್ಲ, ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಅನ್ನುವುದು ಮುಖ್ಯ. ಗಾಡಿ ಸಮತಟ್ಟು ಜಾಗದಲ್ಲಿರಬೇಕು. ಅಪಾರ್ಟ್‌ಮೆಂಟಿನ ರ್‍ಯಾಂಪ್ ಮೇಲೆ ನಿಲ್ಲಿಸಿ ಅಳೆದರೆ ಲೆಕ್ಕ ತಪ್ಪುತ್ತದೆ.

ಕೆಲವು ಕಾರುಗಳಲ್ಲಿ ರೇಡಿಯೇಟರ್ ಮೇಲೆಯೇ ಬೇರೆ ಕ್ಯಾಪ್ ಇರುತ್ತದೆ. ಅಂಥವುಗಳಲ್ಲಿ ಡಬ್ಬಿ ತುಂಬಿದ್ದರೂ ರೇಡಿಯೇಟರ್ ಒಳಗೆ ಕಡಿಮೆ ಇರಬಹುದು, ಅದನ್ನೂ ತೆಗೆದು ನೋಡಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ! ಬಿಸಿ ಕ್ಯಾಪ್ ತಿರುಗಿಸುವುದು ಅಂದರೆ ವಿಸಿಲ್ ಬರುವ ಹೊತ್ತಿಗೆ ಕುಕ್ಕರ್ ಮುಚ್ಚಳ ಎಳೆದ ಹಾಗೆ, ಮುಖ ಕೈ ಎಲ್ಲ ಸುಟ್ಟುಹೋಗುತ್ತದೆ.

ಇನ್ನು ರಟ್ಟು. ರಾತ್ರಿ ಎಂಜಿನ್ ಕೆಳಗೆ ಹಾಸಿ, ಎಡಚಕ್ರ ಇಲ್ಲಿ, ಬಲಚಕ್ರ ಇಲ್ಲಿ ಅಂತ ಅದರ ಮೇಲೆಯೇ ಬರೆದಿಡಿ. ಬೆಳಗ್ಗೆ ಕಲೆ ಯಾವ ಕಡೆಗಿದೆ ಅಂತ ಗೊತ್ತಾದರೆ ಅರ್ಧ ಎಂಜಿನ್ ಹುಡುಕುವುದು ಉಳಿಯುತ್ತದೆ.

ಈಗ ಕಣ್ಣಿನ ಕೆಲಸ. ಹಸಿ ಇರುವುದನ್ನಷ್ಟೇ ನೋಡಬೇಡಿ, ಆರಿ ಹೆಪ್ಪುಗಟ್ಟಿದ ಕಲೆ ಅದಕ್ಕಿಂತ ಒಳ್ಳೆಯ ಸುಳಿವು. ಬಿಸಿಗೆ ನೀರು ಆವಿಯಾಗಿ ಹೋದರೂ ಬಿಳಿಯೋ, ಹಸಿರೋ, ಗುಲಾಬಿಯೋ ಪುಡಿ ಉಳಿದಿರುತ್ತದೆ. ಡಬ್ಬಿಯ ಎರಡು ಭಾಗ ಸೇರುವ ಬೆಸುಗೆ, ಕ್ಯಾಪ್‌ನ ಕೆಳಗಿನ ರಬ್ಬರ್ ವಾಷರ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕೂತಿರುವ ಹೌಸಿಂಗ್, ಇವನ್ನೆಲ್ಲ ಟಾರ್ಚ್ ಬಿಟ್ಟು ನೋಡಿ. ಕಣ್ಣು ಹೋಗದ ಸಂದಿಗೆ ಫೋನ್ ತೂರಿಸಿ, ಫ್ಲ್ಯಾಷ್ ಹಾಕಿ ವಿಡಿಯೊ ಮಾಡಿ. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಹೋಸ್‌ಗಳ ಮೇಲೆ ಜಾಸ್ತಿ ಹೊತ್ತು ಕಳೆಯಿರಿ, ಯಾಕೆಂದರೆ ಬಹಳಷ್ಟು ಲೀಕ್ ಅಲ್ಲೇ ಇರುತ್ತದೆ. ಮೇಲಿನ ಹೋಸ್, ಕೆಳಗಿನ ಹೋಸ್, ಹೀಟರಿಗೆ ಹೋಗುವ ಸಣ್ಣ ಜೋಡಿ ಹೋಸ್. ಒಂದೊಂದನ್ನೂ ಹಿಸುಕಿ ನೋಡಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಒಣಗಿ ಬಿರುಕು ಬಿಟ್ಟಿದ್ದರೆ ಆಯಸ್ಸು ಮುಗಿದಿದೆ ಅಂತ ಅರ್ಥ. ಕ್ಲಿಪ್ ಕಚ್ಚಿಕೊಂಡ ತುದಿಯನ್ನು ಟಿಶ್ಯೂನಿಂದ ಸುತ್ತಲೂ ಒರೆಸಿ. ನಮ್ಮ ಬೇಸ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ಇಲಿ ಕಾಟವೂ ಇದೆಯಲ್ಲ, ವೈರ್ ಕಡಿಯುವ ಇಲಿ ರಬ್ಬರ್ ಹೋಸನ್ನೂ ಬಿಡುವುದಿಲ್ಲ, ಹಾಗಾಗಿ ಹಲ್ಲಿನ ಗುರುತು ಇದೆಯಾ ಅಂತಲೂ ನೋಡಿ. ಇನ್ನೊಂದು ಚೇಷ್ಟೆ ಡಿಸೆಂಬರ್, ಜನವರಿಯ ಚಳಿ ಬೆಳಗಿನದು. ತಣ್ಣಗಾದಾಗ ರಬ್ಬರ್, ಲೋಹ ಎರಡೂ ಕುಗ್ಗಿ ಕ್ಲಿಪ್ ಹತ್ತಿರ ಹನಿಯುತ್ತದೆ, ಎಂಜಿನ್ ಬಿಸಿಯಾದ ಮೇಲೆ ತಾನೇ ನಿಲ್ಲುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಹೋದರೆ 'ಏನೂ ಇಲ್ಲ ಸರ್' ಅನ್ನುತ್ತಾರೆ, ಅವರ ತಪ್ಪೂ ಅಲ್ಲ.

ವಾಟರ್ ಪಂಪ್‌ನಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಕೂಲೆಂಟ್ ಅಲ್ಲಿಂದ ಹೊರಬರುತ್ತದೆ. ಆ ತೂತನ್ನು ಮುಚ್ಚಿಬಿಡೋಣ ಅನ್ನುವ ಬುದ್ಧಿವಂತಿಕೆ ಬೇಡ, ಪಂಪನ್ನೇ ಬದಲಿಸಬೇಕು. ಟೈಮಿಂಗ್ ಬೆಲ್ಟ್‌ನಿಂದ ತಿರುಗುವ ಪಂಪ್ ಆಗಿದ್ದರೆ ತಡ ಮಾಡಲೇಬೇಡಿ. ಪಂಪ್ ಜಾಮ್ ಆಗಿ ಬೆಲ್ಟ್ ಹೋದರೆ ಎಂಜಿನ್ನಿಗೂ ಪೆಟ್ಟು ಬೀಳುತ್ತದೆ.

ಬಿಸಿಯಾದಾಗ ಇನ್ನೊಮ್ಮೆ

ಕೆಲವು ಲೀಕ್ ಒತ್ತಡ ಏರಿದಾಗ ಮಾತ್ರ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡ್‌ನಲ್ಲೋ ತೆವಳುತ್ತಿರುವಾಗ ರೇಡಿಯೇಟರಿಗೆ ಎದುರು ಗಾಳಿ ಸಿಗುವುದಿಲ್ಲ, ಎಲ್ಲ ಭಾರ ಫ್ಯಾನ್ ಮೇಲೆ. ಅಂಥ ಟ್ರಾಫಿಕ್ ದಾಟಿ ಮನೆಗೆ ಬಂದವರು ಎಂಜಿನ್ ಆಫ್ ಮಾಡುವ ಮುಂಚೆಯೇ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು. ಸಣ್ಣ ಆವಿ, ಸುಯ್ ಅನ್ನುವ ಸದ್ದು, ಬಿಸಿ ಲೋಹದ ಮೇಲೆ ಬಿದ್ದು ಚುರ್ ಅನ್ನುವ ಹನಿ, ಇವುಗಳಿಗೆ ಕಣ್ಣು ಕಿವಿ ಕೊಡಿ. ಕ್ಯಾಪ್ ಮುಟ್ಟಬೇಡಿ. ದುಪಟ್ಟಾ, ಸಡಿಲ ತೋಳು ಬೆಲ್ಟ್ ಹತ್ತಿರ ಹೋಗದಿರಲಿ. ಕೀ ತೆಗೆದ ಮೇಲೂ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು. ಈ ಫ್ಯಾನ್ ಹನಿಗಳನ್ನು ಹಿಂದಕ್ಕೆ ಎರಚುವುದೂ ಉಂಟು, ಹಾಗಾಗಿ ಎಂಜಿನ್ ತುಂಬ ಚುಕ್ಕೆ ಚುಕ್ಕೆ ಕಂಡರೆ ರೇಡಿಯೇಟರ್ ಕಡೆಯೇ ಅನುಮಾನ ಪಡಿ.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್

ಇದು ಗ್ಯಾರೇಜಿನಲ್ಲಿ ಆಗುವ ಕೆಲಸ, ಆದರೆ ನೀವೇ ಕೇಳಿ ಮಾಡಿಸಬೇಕು. ಎಂಜಿನ್ ತಣ್ಣಗಿರುವಾಗ ಕ್ಯಾಪ್ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಸಿಕ್ಕಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಡುತ್ತಾರೆ, ಉದಾಹರಣೆಗೆ 1.1 ಬಾರ್. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದಾಗ ಮುಳ್ಳು ಇಳಿದಿದ್ದರೆ ಲೀಕ್ ಖಚಿತ. ಎಂಜಿನ್ ಬಿಸಿ ಇಲ್ಲದ್ದರಿಂದ ಕೂಲೆಂಟ್ ಆವಿಯಾಗಿ ಮಾಯವಾಗುವುದಿಲ್ಲ, ಹನಿ ಹನಿಯಾಗಿ ಕಾಣುತ್ತದೆ. ಅದೇ ಪಂಪಿನಲ್ಲಿ ಕ್ಯಾಪನ್ನೂ ಪರೀಕ್ಷಿಸಬಹುದು. ಹಳೇ ಕ್ಯಾಪ್ ಒತ್ತಡ ಹಿಡಿಯದೆ ಕೂಲೆಂಟ್ ಉಗುಳುತ್ತಿರುತ್ತದೆ, ನಾವು ಸುಮ್ನೆ ಹೋಸ್ ಬದಲಿಸುತ್ತಾ ಕೂತಿರುತ್ತೇವೆ. ತೀರಾ ಸಣ್ಣ ಲೀಕ್‌ಗೆ ಕೂಲೆಂಟ್‌ಗೆ ಬಣ್ಣದ ಡೈ ಬೆರೆಸಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟು ನೋಡುವ ದಾರಿಯೂ ಇದೆ.

ಹೊರಗೆ ಒಂದು ಹನಿಯೂ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ

ಎಡಗಡೆ ಕಾಲಿಡುವ ಜಾಗದ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಒದ್ದೆ, ಅಂಟು ಅಂಟು ಇದ್ದರೆ, ಮುಂದಿನ ಗಾಜಿನ ಒಳಗಡೆ ಜಿಡ್ಡಿನ ಮಂಜು ಕಟ್ಟುತ್ತಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ (ಹೀಟರಿನ ಸಣ್ಣ ರೇಡಿಯೇಟರ್) ಸೋರುತ್ತಿದೆ. ಬೆಂಗಳೂರಲ್ಲಿ ಹೀಟರ್ ಯಾರು ಹಾಕುತ್ತಾರೆ ಅನ್ನಬೇಡಿ. ನೀವು ಹಾಕದಿದ್ದರೂ ಎಷ್ಟೋ ಕಾರುಗಳಲ್ಲಿ ಕೂಲೆಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ಬರೀ ತಿಳಿ ನೀರಾಗಿದ್ದರೆ ಏಸಿ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಅಷ್ಟೇ.

ಅದೂ ಅಲ್ಲವೆಂದರೆ ಎಂಜಿನ್ನೇ ಕೂಲೆಂಟ್ ಕುಡಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಡಬ್ಬಿಯಲ್ಲಿ ಬಿಡದೆ ಏಳುವ ಗುಳ್ಳೆ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪದರಲ್ಲೇ ಕಲ್ಲಾಗುವ ಹೋಸ್, ಡಿಪ್‌ಸ್ಟಿಕ್‌ನಲ್ಲಿ ತಿಳಿಕಂದು ನೊರೆ. ಇವು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್, ಹೆಡ್ ನಡುವಿನ ಸೀಲ್) ಕಡೆ ಕೈ ತೋರಿಸುತ್ತವೆ. ಆಯಿಲ್ ಕ್ಯಾಪ್ ಅಡಿಯಲ್ಲಿ ಮಾತ್ರ ಚೂರು ನೊರೆ ಇದ್ದರೆ ಗಾಬರಿ ಬೇಡ, ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಗಾಡಿಗಳಲ್ಲಿ ತೇವಕ್ಕೂ ಹಾಗಾಗುತ್ತದೆ. ಖಚಿತ ಮಾಡಿಕೊಳ್ಳಲು ನೀಲಿ ದ್ರವದ ಒಂದು ಪರೀಕ್ಷೆ ಇದೆ. ಕೂಲೆಂಟ್ ಮೇಲಿನ ಗಾಳಿಯನ್ನು ಅದರೊಳಗೆ ಎಳೆದಾಗ, ಸಿಲಿಂಡರಿನ ಹೊಗೆ ಸೇರಿದ್ದರೆ ಅದರ ಬಣ್ಣ ಬದಲಾಗುತ್ತದೆ, ಪೆಟ್ರೋಲ್ ಎಂಜಿನ್ ಆದರೆ ಹಳದಿಗೆ. ಡೀಸೆಲ್ ಗಾಡಿಗಳಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟ್‌ನಿಂದ ತಣ್ಣಗೆ ಮಾಡುವ ಭಾಗ) ಒಳಗೇ ಸೋರಿ ಸದ್ದಿಲ್ಲದೆ ಖಾಲಿ ಮಾಡುವುದುಂಟು, ಗ್ಯಾಸ್ಕೆಟ್ ಬಿಚ್ಚುವ ಮುನ್ನ ಅದನ್ನೂ ನೋಡಿಸಿ.

ದಾರಿಯಲ್ಲೇ ಟೆಂಪರೇಚರ್ ಮುಳ್ಳು ಏರಿದರೆ

ಏಸಿ ಆಫ್, ಹೀಟರ್ ಫುಲ್, ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಸುಳ್ಳು ಹೇಳುವುದೂ ಉಂಟು, ಅದು ಇಳಿಯಿತು ಅಂತ ಮುಂದೆ ಓಡಿಸಬೇಡಿ.

ಗ್ಯಾರೇಜಿಗೆ ಹೋದಾಗ

'ಅಣ್ಣ, ಸೋರುತ್ತಿರುವ ಜಾಗ ತೋರಿಸಿ, ಆಮೇಲೆ ಬಿಚ್ಚಿ' ಅನ್ನಿ. ರಟ್ಟು, ಫೋನ್ ವಿಡಿಯೊ ಎರಡನ್ನೂ ತೋರಿಸಿ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಬಿಸಿಯೇ ಆಗಲ್ಲ ಅನ್ನುವ ಹಳೇ ಸಲಹೆ ಬಂದರೆ ಒಪ್ಪಬೇಡಿ, ಎಂಜಿನ್ ಸರಿಯಾದ ಬಿಸಿಗೆ ಬರದೆ ಮೈಲೇಜ್ ಬೀಳುತ್ತದೆ. ಲೀಕ್ ಮುಚ್ಚುವ ಪುಡಿ, ದ್ರವಗಳೂ ನನಗೆ ಇಷ್ಟವಿಲ್ಲ, ಸಣ್ಣ ತೂತಿನ ಜೊತೆ ರೇಡಿಯೇಟರಿನ ಸಣ್ಣ ದಾರಿಗಳನ್ನೂ ಅವು ಕಟ್ಟಿಬಿಡುತ್ತವೆ. ಹೋಸ್, ಕ್ಲಿಪ್, ಕ್ಯಾಪ್ ನೀವೇ ತರುವುದಾದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ತುಂಬುವಾಗ ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಗಡಸು ಒಳಗೆ ಪದರ ಕಟ್ಟುತ್ತದೆ. ಬರೀ ನೀರೂ ಸಾಲದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮೂರಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ ಒಳ್ಳೆಯ ಕ್ಯಾಪ್ ಬಿಗಿದರೆ 120 ಡಿಗ್ರಿಗೂ ಕುದಿಯುವುದಿಲ್ಲ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ಕೊಳ್ಳಿ. ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ತೆಗೆಸಿ. ಆದರೂ ಮೊದಲ ಕೆಲವು ದಿನ ಉಳಿದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿಯಬಹುದು, ಅದು ಲೀಕ್ ಅಲ್ಲ. ಒಮ್ಮೆ ಭರ್ತಿ ಮಾಡಿ ಹೊಸ ಗೆರೆ ಎಳೆಯಿರಿ. ಆಮೇಲೂ ಇಳಿಯುತ್ತಲೇ ಹೋದರೆ ಮತ್ತೆ ಪ್ರೆಷರ್ ಟೆಸ್ಟ್ ಮಾಡಿಸಿ.