ನೆಲಕ್ಕಂಟಿ ಬರುವ ಬಿಳಿ ಮೋಡ: ಎಲ್‌ಎನ್‌ಜಿ ಟ್ಯಾಂಕರ್ ಸೋರಿದರೆ ಏನು ಮಾಡಬೇಕು?

ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿದ ಮೇಲೆ ಒಮ್ಮೆ ನಮ್ಮ ಬಸ್ಸು ನಿಂತುಬಿಟ್ಟಿತು. ರಸ್ತೆ ಬದಿಯಲ್ಲಿದ್ದ ಉದ್ದನೆಯ ಟ್ಯಾಂಕರಿನ ಹಿಂಭಾಗದಿಂದ ಬುಸ್ಸೆಂದು ಬಿಳಿ ಆವಿ ಏಳುತ್ತಿತ್ತು. ಬಸ್ಸಿನಲ್ಲಿದ್ದ ಅರ್ಧ ಜನ ಕಿಟಕಿಗೆ ಮೊಬೈಲ್ ಆನಿಸಿಕೊಂಡು ವಿಡಿಯೊ ಮಾಡುತ್ತಿದ್ದರು. ಹಿಂದಿನ ಸೀಟಿನವರೊಬ್ಬರು ‘ನೀರು ಹಾಕಿ, ನೀರು ಹಾಕಿ’ ಎಂದು ಕೂಗುತ್ತಿದ್ದರು. ಟ್ಯಾಂಕರಿನ ಚಾಲಕ ಮಾತ್ರ ಎರಡೂ ಕೈ ಬೀಸಿ ಎಲ್ಲರನ್ನೂ ದೂರ ಅಟ್ಟುತ್ತಿದ್ದ. ಅಂದು ಆದದ್ದು ಅಪಘಾತವಲ್ಲ. ಒಳಗಿನ ಒತ್ತಡ ಏರಿದಾಗ ಸುರಕ್ಷತಾ ವಾಲ್ವ್ ತಾನಾಗಿ ತೆರೆದುಕೊಂಡು ಒಂದಿಷ್ಟು ಅನಿಲವನ್ನು ಹೊರಬಿಟ್ಟಿತ್ತು, ಕೆಲವು ನಿಮಿಷಗಳಲ್ಲಿ ಮುಚ್ಚಿಕೊಂಡಿತು. ನಿಜವಾದ ಸೋರಿಕೆಯೇ ಆಗಿದ್ದರೆ, ಅಲ್ಲಿದ್ದವರಲ್ಲಿ ಸರಿಯಾಗಿ ನಡೆದುಕೊಂಡವನು ಆ ಚಾಲಕನೊಬ್ಬನೇ.

ಬೆಂಗಳೂರಿನ ಮನೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ತಣ್ಣನೆಯದಲ್ಲ. ಅದು ದಾಭೋಲ್–ಬೆಂಗಳೂರು ಕೊಳವೆ ಮಾರ್ಗದಲ್ಲಿ ಅನಿಲವಾಗಿಯೇ ಹರಿದು ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಅದೇ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ದ್ರವವಾಗಿಸಿ, ಥರ್ಮಾಸ್ ಫ್ಲಾಸ್ಕಿನಂಥ ಎರಡು ಗೋಡೆಯ ಟ್ಯಾಂಕರಿನಲ್ಲಿ ಹೆದ್ದಾರಿಯ ಮೇಲೆ ಸಾಗಿಸುವ ಎಲ್‌ಎನ್‌ಜಿಯ ಬಗ್ಗೆ.

ಬಿಳಿಯದು ಅನಿಲವಲ್ಲ

ಚೆಲ್ಲಿದ ಒಂದು ಲೀಟರ್ ಎಲ್‌ಎನ್‌ಜಿ ಆವಿಯಾದರೆ ಸುಮಾರು 600 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. ನೈಸರ್ಗಿಕ ಅನಿಲದ ಬಹುಪಾಲಾದ ಮೀಥೇನ್ ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನಿಜವೇ. ಆದರೆ ಹೊರಬಿದ್ದ ಹೊಸತರಲ್ಲಿ ಅದು ಎಷ್ಟು ತಣ್ಣಗಿರುತ್ತದೆಂದರೆ ಗಾಳಿಗಿಂತ ಭಾರವಾಗಿ ನೆಲಕ್ಕಂಟಿಕೊಂಡೇ ಹರಿಯುತ್ತದೆ. ಮೈನಸ್ 110 ಡಿಗ್ರಿಯ ಆಸುಪಾಸಿಗೆ ಬಿಸಿಯಾದ ಮೇಲಷ್ಟೇ ಮೇಲೇಳುವ ಯೋಚನೆ ಮಾಡುತ್ತದೆ. ಅಡುಗೆ ಅನಿಲ ಎಲ್‌ಪಿಜಿಗೆ ಆ ಯೋಚನೆಯೂ ಇಲ್ಲ. ಬಿಸಿಯಾದರೂ ಅದು ತಗ್ಗಿನಲ್ಲೇ ಕೂರುತ್ತದೆ.

ಕಣ್ಣಿಗೆ ಕಾಣುವ ಬಿಳಿ ಬಣ್ಣ ಅನಿಲದ್ದಲ್ಲ. ಆ ಚಳಿಗೆ ಸುತ್ತಲಿನ ಗಾಳಿಯ ತೇವ ಹನಿಗಟ್ಟಿ ಹಾಗೆ ಕಾಣುತ್ತದೆ. ಗಾಳಿಯ ತೇವಾಂಶ ಶೇ 55ಕ್ಕಿಂತ ಹೆಚ್ಚಿದ್ದರೆ, ಹೊತ್ತಿಕೊಳ್ಳಬಲ್ಲ ಅನಿಲ ಬಹುತೇಕ ಈ ಬಿಳಿ ಮೋಡದ ಒಳಗೇ ಇರುತ್ತದೆ. ಹವೆ ಒಣಗಿದ್ದರೆ ಮೋಡದ ಅಂಚನ್ನು ದಾಟಿ, ಏನೂ ಕಾಣದ ಜಾಗದಲ್ಲೂ ಹರಡಿರುತ್ತದೆ. ಆಷಾಢದ ಜಡಿಮಳೆಯಲ್ಲಿ ಮೋಡದ ಅಂಚು ಒಂದು ಮಟ್ಟಿಗೆ ನಂಬಬಹುದಾದ ಗೆರೆ. ಮಾರ್ಚ್ ತಿಂಗಳ ಮಧ್ಯಾಹ್ನ ಅದನ್ನು ನಂಬುವಂತಿಲ್ಲ. ಡಿಸೆಂಬರ್ ಬೆಳಿಗ್ಗೆ ಇನ್ನೊಂದು ಪೇಚು: ಹೆಬ್ಬಾಳದಾಚೆ ಮಂಜು ಕವಿದಾಗ ಯಾವುದು ಮಂಜು, ಯಾವುದು ಮೋಡ ಎಂದು ಬೇರ್ಪಡಿಸುವುದೇ ಕಷ್ಟ. ಮೂಗು ನೆರವಿಗೆ ಬರುವುದಿಲ್ಲ. ಮನೆಯ ಸಿಲಿಂಡರಿನ ಕೊಳೆತ ವಾಸನೆ ಎಚ್ಚರಿಕೆಗಾಗಿ ಬೆರೆಸಿದ್ದು. ಟ್ಯಾಂಕರಿನ ಎಲ್‌ಎನ್‌ಜಿಗೆ ಸಾಮಾನ್ಯವಾಗಿ ಅದನ್ನು ಬೆರೆಸಿರುವುದಿಲ್ಲ.

ಮೊದಲ ಕೆಲಸ: ಎಂಜಿನ್ ಆರಿಸಿ, ನಡೆಯಿರಿ

ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದೀರಿ, ಮುಂದೆ ಟ್ಯಾಂಕರ್ ಮಗುಚಿದೆ ಎಂದುಕೊಳ್ಳಿ. ಗಾಡಿ ತಿರುಗಿಸಿ ಓಡಿಸುವ ಆಸೆಯನ್ನು ಬಿಡಬೇಕು. ಎಂಜಿನ್ ಆರಿಸಿ, ಕೀಲಿಯನ್ನು ಅಲ್ಲೇ ಬಿಟ್ಟು, ಇಳಿದು ನಡೆಯಿರಿ. ಆರಿಸಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡಬೇಡಿ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರ–ಅಜ್ಮೀರ್ ಹೆದ್ದಾರಿಯ ಭಾಂಕ್ರೋಟದಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದ ಟ್ಯಾಂಕರಿಗೆ ಲಾರಿ ಗುದ್ದಿ, ಅನಿಲ ಹೊರಬರುವ ನಳಿಕೆಗಳು ಮುರಿದವು. ಅದು ಎಲ್‌ಪಿಜಿ, ಎಲ್‌ಎನ್‌ಜಿ ಅಲ್ಲ. ಆದರೆ ಅನಿಲ ರಸ್ತೆಯುದ್ದಕ್ಕೂ ಹರಡಿ ಹೊತ್ತಿಕೊಂಡಾಗ ಸುಟ್ಟುಹೋದ ಮೂವತ್ತಕ್ಕೂ ಹೆಚ್ಚು ವಾಹನಗಳಲ್ಲಿ ಹೆಚ್ಚಿನವಕ್ಕೂ ಆ ಡಿಕ್ಕಿಗೂ ಸಂಬಂಧವೇ ಇರಲಿಲ್ಲ. ನಮ್ಮಲ್ಲೇ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ 2013ರಲ್ಲಿ ಉರುಳಿದ ಟ್ಯಾಂಕರಿನ ಬೆಂಕಿ ರಸ್ತೆ ಬದಿಯ ಮನೆಗಳವರೆಗೂ ಹೋಯಿತು.

ಯಾವ ಕಡೆ ನಡೆಯುವುದು? ಗಾಳಿ ಬೀಸಿ ಬರುವ ಕಡೆಗೆ. ಆದರೆ ನಿಮಗೂ ಗಾಳಿಯ ಮೂಲಕ್ಕೂ ನಡುವೆ ಮೋಡವೇ ಇದ್ದರೆ ಅದರೊಳಗೆ ನುಗ್ಗಬಾರದು. ಗಾಳಿಗೆ ಅಡ್ಡಲಾಗಿ ಬದಿಗೆ ಸರಿದು, ಮೋಡವನ್ನು ತಪ್ಪಿಸಿ, ಆಮೇಲೆ ಗಾಳಿಗೆ ಎದುರಾಗಿ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಮೇಲುಸೇತುವೆಗಳ ಕೆಳಗೆ, ಕಟ್ಟಡಗಳ ಸಂದಿಯಲ್ಲಿ ಈ ಲೆಕ್ಕ ತಪ್ಪುತ್ತದೆ. ತೆಂಗಿನ ಗರಿ ನೋಡಿ. ಅದೂ ಇಲ್ಲದಿದ್ದರೆ ಆಟೊ ನಿಲ್ದಾಣದ ಹಳದಿ–ಕೆಂಪು ಬಾವುಟ ಇದ್ದೇ ಇರುತ್ತದೆ.

ಎಷ್ಟು ದೂರ? ಸಣ್ಣ ಸೋರಿಕೆಗೆ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್, ಅಂದರೆ ಸಾಲಾಗಿ ನಿಂತ ಎಂಟು ಬಿಎಂಟಿಸಿ ಬಸ್ಸುಗಳಷ್ಟು. ದೊಡ್ಡ ಸೋರಿಕೆಯಾದರೆ ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ 800 ಮೀಟರ್ ತೆರವು. ಟ್ಯಾಂಕರಿಗೇ ಬೆಂಕಿ ಆವರಿಸಿದರೆ ಸುತ್ತಲೂ 1,600 ಮೀಟರ್: ಹಸಿರು ಮೆಟ್ರೊ ಮಾರ್ಗದಲ್ಲಿ ಒಂದು ನಿಲ್ದಾಣ ದಾಟಿ ಮುಂದಿನದರ ಅರ್ಧದಾರಿಯವರೆಗೆ. ಅಂಗಡಿಯ ಮುಂದೆ ನಿಂತು ನೋಡುವ ದೂರವಂತೂ ಅಲ್ಲ.

ಎರಡನೆಯದು: ನಾಲ್ಕು ಅಂಕಿ, ಒಂದು ಕರೆ

ದೂರ ಹೋದ ಮೇಲೆ ಫೋನ್ ತೆಗೆಯಿರಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಸೋರುತ್ತಿರುವುದು ಎಲ್‌ಪಿಜಿ ಎಂದು ಖಚಿತವಿದ್ದರೆ 1906 ಕೂಡ ಇದೆ. ‘ಗ್ಯಾಸ್ ಟ್ಯಾಂಕರ್ ಬಿದ್ದಿದೆ’ ಎಂಬಷ್ಟೇ ಮಾತಿನಿಂದ ದಳಕ್ಕೆ ಅರ್ಧ ಸಹಾಯ. ಟ್ಯಾಂಕರಿನ ಬದಿಗಳಲ್ಲೂ ಹಿಂದೆಯೂ ಒಂದು ಫಲಕವಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಕಡ್ಡಾಯ. ಅದರಲ್ಲಿರುವ ನಾಲ್ಕು ಅಂಕಿಯ ಯುಎನ್ ಸಂಖ್ಯೆ ದೂರದಿಂದಲೇ ಕಂಡರೆ ಹೇಳಿ. 1972 ಎಂದರೆ ಎಲ್‌ಎನ್‌ಜಿ, 1075 ಎಂದರೆ ಎಲ್‌ಪಿಜಿ, 1038 ಎಂದರೆ ತಂಪುಗೊಳಿಸಿದ ಎಥಿಲೀನ್, 1966 ಎಂದರೆ ದ್ರವ ಹೈಡ್ರೋಜನ್. ಕೊನೆಯದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಮುಂದಕ್ಕೆ ಚಾಚಿದ ಪೊರಕೆ ಹೊತ್ತಿಕೊಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವ ಹಳೆಯ ಉಪಾಯ ಈ ಕ್ಷೇತ್ರದಲ್ಲಿತ್ತು. 1073 ಕಂಡರೆ ಅದು ಆಸ್ಪತ್ರೆಗೆ ಹೊರಟ ದ್ರವ ಆಮ್ಲಜನಕ. ತಾನು ಉರಿಯುವುದಿಲ್ಲ, ಆದರೆ ತಾಗಿದ್ದನ್ನೆಲ್ಲ ಭೀಕರವಾಗಿ ಉರಿಸುತ್ತದೆ. ಅಂಕಿ ಓದಲೆಂದು ಹತ್ತಿರ ಹೋಗಬೇಡಿ. ಸಂಖ್ಯೆ ಕಾಣದಿದ್ದರೆ ಜಾಗ, ಗಾಳಿಯ ದಿಕ್ಕು, ಬೆಂಕಿ ಇದೆಯೋ ಇಲ್ಲವೋ, ಇಷ್ಟು ಹೇಳಿದರೂ ಸಾಕು.

ಮಳೆನೀರು ಹೋಗುವ ದಾರಿ

ಬೆಂಗಳೂರಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ನಮ್ಮ ಬೀದಿಯಲ್ಲಿ ಮಳೆನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ತಣ್ಣನೆಯ ಅನಿಲವೂ ಅದೇ ದಾರಿ ಹಿಡಿಯುತ್ತದೆ. ಕೆಳಸೇತುವೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಚರಂಡಿ, ಮ್ಯಾನ್‌ಹೋಲ್, ರಾಜಕಾಲುವೆ. ಆದ್ದರಿಂದ ಆಶ್ರಯಕ್ಕೆಂದು ನೆಲಮಾಳಿಗೆಗೆ ಇಳಿಯಬಾರದು. ಅಂಡರ್‌ಪಾಸ್‌ನಲ್ಲಿರುವವರು ಮೊದಲು ಹೊರಬರಬೇಕು.

ಚರಂಡಿ ಏನು ಮಾಡಬಲ್ಲುದು ಎಂಬುದಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ಸಾಕ್ಷಿ. 1944ರ ಅಕ್ಟೋಬರ್ 20ರಂದು ಅಲ್ಲಿನ ಎಲ್‌ಎನ್‌ಜಿ ಸಂಗ್ರಹ ಟ್ಯಾಂಕೊಂದು ಒಡೆಯಿತು. ಅಂಥ ಚಳಿಯಲ್ಲಿ ಗಾಜಿನಂತೆ ಪೆಡಸಾಗುವ, ನಿಕ್ಕಲ್ ಸಾಲದ ಉಕ್ಕಿನಿಂದ ಅದನ್ನು ಕಟ್ಟಿದ್ದರು. ದ್ರವ ಬೀದಿಗೆ ಹರಿದು ಒಳಚರಂಡಿಗೆ ಇಳಿಯಿತು. ಬೆಂಕಿ ಒಂದು ಕಡೆ ನಿಂತಿತೆಂದು ಮನೆಗೆ ಮರಳಿದವರ ಕಾಲ ಕೆಳಗೇ ಚರಂಡಿಗಳು ಸಿಡಿದು ಮ್ಯಾನ್‌ಹೋಲ್ ಮುಚ್ಚಳಗಳು ಹಾರಿದವು. ಸತ್ತವರು ಸುಮಾರು 130.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕಾವಲುಗಾರರು ಮಾಡಬಹುದಾದ ಕೆಲಸವೊಂದಿದೆ. ಮೋಡ ಇನ್ನೂ ದೂರವಿದ್ದು ಗಾಳಿ ನಿಮ್ಮ ಕಡೆ ಇಲ್ಲದಿದ್ದರೆ, ಚರಂಡಿ ಜಾಲರಿಗಳ ಮೇಲೆ ಮಣ್ಣೋ ಮರಳಿನ ಚೀಲವೋ ಹಾಕಿ ದ್ರವ ಇಳಿಯದಂತೆ ತಡೆಯುವುದು. ಮೋಡ ಹತ್ತಿರವಿದ್ದರೆ ಆ ಸಾಹಸ ಬೇಡ.

ನೀರು ಎಲ್ಲಿಗೆ, ಎಲ್ಲಿಗೆ ಅಲ್ಲ

ಬೆಂಕಿ ಕಂಡರೆ ನೀರು ಎರಚುವುದು ನಮಗೆ ರಕ್ತಗತ. ಇಲ್ಲಿ ಅದೇ ಎಡವಟ್ಟು. ಮೈನಸ್ 162 ಡಿಗ್ರಿಯ ದ್ರವಕ್ಕೆ ನಲ್ಲಿ ನೀರೆಂದರೆ ಕಾದ ಎಣ್ಣೆಯಷ್ಟೇ ಬಿಸಿ. ನೀರು ಬಿದ್ದೊಡನೆ ಎಲ್‌ಎನ್‌ಜಿ ಕೊತಕೊತ ಕುದಿದು ಇನ್ನಷ್ಟು ಆವಿಯಾಗುತ್ತದೆ, ಬೆಂಕಿಯಿದ್ದರೆ ಭುಗಿಲೇಳುತ್ತದೆ. ಕೆಲವೊಮ್ಮೆ ಕಿಡಿಯೇ ಇಲ್ಲದೆ, ಬರೀ ಕುದಿತದ ವೇಗಕ್ಕೆ ಸಿಡಿತವಾಗುವುದೂ ಉಂಟು. ಸೋರುತ್ತಿರುವ ಜಾಗಕ್ಕೋ ಸುರಕ್ಷತಾ ವಾಲ್ವಿಗೋ ನೀರು ಹಾಯಿಸಿದರೆ ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಮುಚ್ಚಿಹೋದ ವಾಲ್ವಿನ ಹಿಂದೆ ಒತ್ತಡ ಏರುತ್ತಲೇ ಹೋಗುತ್ತದೆ. ಸಹಾಯ ಮಾಡಲು ಹೋದವನೇ ಟ್ಯಾಂಕಿಗೆ ಬಿರಡೆ ಜಡಿದಂತಾಯಿತು.

ಹಾಗಾದರೆ ಅಗ್ನಿಶಾಮಕ ವಾಹನ ನೀರು ತರುವುದೇಕೆ? ಬೆಂಕಿಯ ಪಕ್ಕದಲ್ಲಿರುವ, ಇನ್ನೂ ಹೊತ್ತದ ಟ್ಯಾಂಕುಗಳ ಮೈ ತಂಪಾಗಿಡಲು. ಮಂಜಿನಂಥ ತುಂತುರಿನ ಪರದೆ ಹಿಡಿದು, ಮೋಡವನ್ನು ಬೆಚ್ಚಗಾಗಿಸಿ ಚದುರಿಸಲು. ಹರಡಿ ನಿಂತ ದ್ರವದ ಬೆಂಕಿಗೆ ಬಳಸುವುದು ಒಣ ರಾಸಾಯನಿಕ ಪುಡಿ, ಇಲ್ಲವೇ ಒಂದಕ್ಕೆ ಐನೂರು ಪಟ್ಟು ಉಬ್ಬುವ ಹಗುರ ನೊರೆ. ಆ ನೊರೆಯ ಹೊದಿಕೆ ಆವಿಯ ವೇಗವನ್ನೂ ಬೆಂಕಿಯ ಝಳವನ್ನೂ ತಗ್ಗಿಸುತ್ತದೆ.

ಇನ್ನೊಂದು ವಿಷಯ ಮೊದಲ ಸಲ ಕೇಳಿದಾಗ ನನಗೇ ನಂಬಿಕೆ ಬಂದಿರಲಿಲ್ಲ: ಸೋರಿಕೆಯನ್ನು ನಿಲ್ಲಿಸಲಾಗದಿದ್ದರೆ, ಸೋರುವ ಬಾಯಲ್ಲಿ ಉರಿಯುತ್ತಿರುವ ಬೆಂಕಿಯನ್ನು ನಂದಿಸಬಾರದು. ಉರಿಯುತ್ತಿರುವ ಅನಿಲ ಎಲ್ಲಿದೆ ಎಂಬುದಾದರೂ ಗೊತ್ತಿರುತ್ತದೆ. ನಂದಿಸಿದರೆ ಅದು ಸದ್ದಿಲ್ಲದೆ ಹರಡಿ, ಮೂರು ಬೀದಿ ಆಚೆಯ ಒಲೆಯೊಂದನ್ನು ಹುಡುಕಿಕೊಂಡು ಹೋಗಿ, ಅಲ್ಲಿಂದ ಹೊತ್ತಿಕೊಂಡು ಬರುತ್ತದೆ. ಆದ್ದರಿಂದ ದಳದವರು ಬೆಂಕಿಯ ಮುಂದೆ ಸುಮ್ಮನೆ ನಿಂತಂತೆ ಕಂಡರೆ ಬಯ್ಯಬೇಡಿ.

ಆದರೆ ಅವರೂ ಓಡಬೇಕಾದ ಗಳಿಗೆಯೊಂದಿದೆ. ವಾಲ್ವಿನ ಸಿಳ್ಳು ಏರುತ್ತಾ ಹೋದರೆ, ಟ್ಯಾಂಕಿನ ಮೈಬಣ್ಣ ಬದಲಾದರೆ, ಎಲ್ಲವನ್ನೂ ಬಿಟ್ಟು ಹಿಂದೆ ಸರಿಯಬೇಕು. 2002ರ ಜೂನ್‌ನಲ್ಲಿ ಸ್ಪೇನಿನ ತಿವಿಸ್ಸಾ ಬಳಿ ಮಗುಚಿದ ಎಲ್‌ಎನ್‌ಜಿ ಟ್ಯಾಂಕರ್ ಉರಿಯತೊಡಗಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಸಿಡಿಯಿತು. ತಣ್ಣನೆಯ ಟ್ಯಾಂಕ್ ಸಿಡಿಯುವುದಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಮೈಗೆ ತಾಗಿದರೆ

ಈ ದ್ರವ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ನೋಡಲು ಸುಟ್ಟ ಗಾಯದಂತೆಯೇ ಇರುತ್ತದೆ. ಉಜ್ಜಬಾರದು, ಬೆಂಕಿ ಕಾಯಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ಕರಗಿಸಬೇಕು. ಬಟ್ಟೆ ಚರ್ಮಕ್ಕೆ ಅಂಟಿ ಹೆಪ್ಪುಗಟ್ಟಿದ್ದರೆ ಕಿತ್ತೆಳೆಯಬೇಡಿ, ಮೊದಲು ಕರಗಲಿ. ಬಳಿಕ 108. ಮೋಡದೊಳಗೆ ಬಿದ್ದವರನ್ನು ಎಳೆತರಲು ಉಸಿರಾಟದ ಉಪಕರಣವಿಲ್ಲದೆ ನುಗ್ಗಬೇಡಿ. ಅಲ್ಲಿ ಆಮ್ಲಜನಕವೇ ಸಾಲದಿರಬಹುದು, ದಾರಿಯಂತೂ ಕಾಣುವುದಿಲ್ಲ.

ಮನೆಗೆ ಮರಳುವುದು ಯಾವಾಗ ಎಂಬುದನ್ನು ಹೇಳಬೇಕಾದದ್ದು ಅನಿಲ ಅಳೆಯುವ ಮೀಟರ್, ವಾಟ್ಸ್‌ಆ್ಯಪ್ ಗುಂಪಲ್ಲ. ರಸ್ತೆಯಲ್ಲಿ ಅಳೆದದ್ದು ನೆಲಮಾಳಿಗೆಗೆ ಅನ್ವಯಿಸುವುದಿಲ್ಲ. ಲಿಫ್ಟ್ ಗುಂಡಿ, ಜನರೇಟರ್ ಕೋಣೆ, ಕೊನೆಗೆ ಗೇಟಿನ ಪಕ್ಕದ ನೀರಿನ ಸಂಪು, ಎಲ್ಲವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸಂಪಿನೊಳಕ್ಕೆ ಮೀಟರ್ ಇಳಿಸಿ ನೋಡುವವರೆಗೆ ಮೋಟಾರಿನ ಸ್ವಿಚ್ ಮುಟ್ಟುವಂತಿಲ್ಲ, ಮೇಲಿನ ಟ್ಯಾಂಕಿನಲ್ಲಿ ಒಂದು ಹನಿ ನೀರಿಲ್ಲದಿದ್ದರೂ.