ಎಳ್ಳಮಾವಾಸ್ಯೆ ಯಾವ ತಿಂಗಳು?

ನನ್ನ ಸಂಶೋಧನೆ ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆ ಕುರಿತದ್ದು. 2022ರ ಫೆಬ್ರುವರಿಯಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಊರುಗಳಲ್ಲಿ ಅಳತೆ ಆರಂಭಿಸಿದಾಗ ನನಗಿದ್ದ ಭಯವೆಲ್ಲ ಮರದ ಅಳತೆ ಹಲಗೆಯದು. ಕೂಸನ್ನು ಅಂಗಾತ ಮಲಗಿಸಿ ಒಬ್ಬರು ನೆತ್ತಿಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು. ಇನ್ನೊಬ್ಬರು ಮಂಡಿ ಒತ್ತಿ, ಪಾದದ ಹಲಗೆಯನ್ನು ಸರಿಸಬೇಕು. ಕೂಸು ಚೀರಿ ಮಂಡಿ ಮಡಚಿದರೆ ಒಂದು ಸೆಂಟಿಮೀಟರ್ ಹೋಯಿತೆಂದೇ ಲೆಕ್ಕ. ಹಾಗಾಗಿ ನಾನೂ ನನ್ನ ಸಹಾಯಕಿಯೂ ಹತ್ತು ಮಕ್ಕಳನ್ನು ಎರಡೆರಡು ಸಲ, ಒಬ್ಬರ ಅಂಕಿ ಇನ್ನೊಬ್ಬರಿಗೆ ತೋರಿಸದೆ, ಅಳೆದು ಹೋಲಿಸಿದೆವು. ಮೊದಲ ದಿನ ನನ್ನ ಅಂಕಿಗಳೇ ಹೆಚ್ಚು ಓಲಾಡಿದವು. ಅಳುವ ಮಗುವಿನ ಮಂಡಿಯನ್ನು ಒತ್ತಲು ನನಗೆ ಕೈ ಬರುತ್ತಿರಲಿಲ್ಲ. ವಾರದಲ್ಲಿ ಅದು ಸರಿಹೋಯಿತು.

ಸರಿಹೋಗದೆ ಉಳಿದದ್ದು ವಯಸ್ಸು. ಅದು ನನಗೆ ಗೊತ್ತಾದದ್ದು ತಡವಾಗಿ.

ಗಂಡುಮಗು, ಉದ್ದ 72.3 ಸೆಂ.ಮೀ. ಅಂಗನವಾಡಿ ದಾಖಲೆಯಲ್ಲಿ ಹುಟ್ಟಿದ್ದು 2020ರ ಡಿಸೆಂಬರ್ 1. ಅಂದರೆ ಹದಿನಾಲ್ಕು ತಿಂಗಳು ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಹದಿನಾಲ್ಕು ತಿಂಗಳ ಗಂಡುಮಗು 73.1 ಸೆಂ.ಮೀ.ಗಿಂತ ಗಿಡ್ಡವಿದ್ದರೆ ಕುಂಠಿತ ಬೆಳವಣಿಗೆ. ನಾನು ಹಾಗೆಯೇ ಗುರುತು ಹಾಕಿ ಮುಂದಿನ ಮನೆಗೆ ಹೊರಟಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ ಕೇಳಿದಳು: "ಯವ್ವಾ, ಎಷ್ಟು ತಿಂಗಳು ಎಂದು ಬರೆದುಕೊಂಡೆ?" ಹೇಳಿದೆ. ಅಜ್ಜಿ ನಕ್ಕಳು. "ಹೊಲದಲ್ಲಿ ಚರಗ ಚೆಲ್ಲಿ ಬಂದ ಎಂಟನೇ ದಿನಕ್ಕೆ ಹುಟ್ಟಿದವನು ಇವನು."

ಚರಗ ಚೆಲ್ಲುವುದು, ಅಂದರೆ ಹೊಲಕ್ಕೆ ನೈವೇದ್ಯದ ಅಡುಗೆ ಎರಚುವುದು, ಎಳ್ಳಮಾವಾಸ್ಯೆಗೆ. ಆ ಅಮಾವಾಸ್ಯೆ 2021ರ ಜನವರಿ 13ರಂದು ಬಿದ್ದಿತ್ತು. ಅಲ್ಲಿಂದ ಎಂಟು ದಿನ ಎಣಿಸಿದರೆ ಮಗುವಿಗೆ ಆಗ ಹನ್ನೆರಡೂವರೆ ತಿಂಗಳು. ಹನ್ನೆರಡು ತಿಂಗಳ ಗಡಿ 71.0, ಹದಿಮೂರರದು 72.1. ಮಗು ಎರಡಕ್ಕೂ ಮೇಲಿದ್ದ. ಕೂದಲೆಳೆಯಷ್ಟು ಮೇಲೆ, ನಿಜ. ಆದರೆ ನನ್ನ ಕೋಷ್ಟಕದಲ್ಲಿ ಅವನು ಕುಳಿತಿದ್ದ ಮನೆ ತಪ್ಪಾಗಿತ್ತು.

ರಾತ್ರಿ ಕೋಣೆಗೆ ಬಂದು ಅದುವರೆಗಿನ ಹಾಳೆಗಳನ್ನು ಹರಡಿ ನೋಡಿದೆ. ತಿಂಗಳ 1ನೇ ತಾರೀಖಿಗೆ ಹುಟ್ಟಿದ ಮಕ್ಕಳು ಅನುಮಾನ ಬರುವಷ್ಟಿದ್ದರು. ಅಂಗನವಾಡಿ ಟೀಚರ್ ಮೇಲೆ ಸಿಟ್ಟು ಬಂತು, ಮರುದಿನ ಇಳಿಯಿತು. ಇಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ, ಹೆರಿಗೆಯ ದಿನ ಬರೆದಿರುವ ತಾಯಿ ಕಾರ್ಡ್ ಅಲ್ಲೇ ಟ್ರಂಕಿನಲ್ಲಿ ಉಳಿಯುತ್ತದೆ. ಗುಳೆ ಹೋದ ಮನೆಗಳಲ್ಲಿ ಕಾರ್ಡ್ ಬೆಂಗಳೂರಿನ ಶೆಡ್ಡಿನಲ್ಲಿ ಕಳೆದಿರುತ್ತದೆ. ದಾಖಲೆಯ ಮನೆಯನ್ನು ಖಾಲಿ ಬಿಡುವಂತಿಲ್ಲ. ಟೀಚರ್ ಅಂದಾಜಿನಲ್ಲಿ ಒಂದು ತಾರೀಖು ತುಂಬುತ್ತಾರೆ. ಅದನ್ನು ಕೇಳದೆ ನಕಲು ಮಾಡಿಕೊಂಡವಳು ನಾನು.

ಹಬ್ಬಗಳ ಪಟ್ಟಿ ಮಾಡಲು ಕುಳಿತೆವು. ಸಹಾಯಕಿ ಗೋಡೆಯ ಹಳೆಯ ಕ್ಯಾಲೆಂಡರುಗಳನ್ನು ಒಟ್ಟು ಮಾಡಿ ತಂದಳು. ಎಳ್ಳಮಾವಾಸ್ಯೆ ಒಂದೇ ಎಷ್ಟು ಜಾರುತ್ತದೆ ನೋಡಿ: 2019ರಲ್ಲಿ ಡಿಸೆಂಬರ್ 26, ಅಂದೇ ಕಂಕಣ ಗ್ರಹಣ, ಆಮೇಲಿನದು 2021ರ ಜನವರಿ 13, ಏಕೆಂದರೆ ನಡುವೆ ಅಧಿಕ ಆಶ್ವಯುಜ ಬಂದಿತ್ತು, ಅದರ ನಂತರದ್ದು 2022ರ ಜನವರಿ 2. ಮೊಹರಂ ಅಂತೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ನಡೆಯುತ್ತದೆ. ಕಾರಹುಣ್ಣಿಮೆ, ಪಂಚಮಿ, ಊರ ಜಾತ್ರೆ, ಮೊದಲ ಲಾಕ್‌ಡೌನ್ ಎಲ್ಲವೂ ಪಟ್ಟಿಗೆ ಸೇರಿದವು. ಮೊದಲ ಮೂರು ಊರುಗಳಿಗೆ ಮತ್ತೆ ಹೋಗಿ ಪ್ರತಿ ಮನೆಯಲ್ಲೂ "ಯಾವ ತಾರೀಖು" ಎನ್ನುವುದನ್ನು ಬಿಟ್ಟು "ಯಾವ ಹಬ್ಬದ ಹಿಂದೆ, ಯಾವ ಹಬ್ಬದ ಮುಂದೆ" ಎಂದು ಕೇಳಿದೆ. ತಾಯಂದಿರು ತಡವರಿಸಲಿಲ್ಲ. ಅಜ್ಜಿಯರಂತೂ ವಾರವನ್ನೂ ಹೇಳಿದರು.

ಊಟದ ಪ್ರಶ್ನೆಯಲ್ಲೂ ನಾನು ಇಂಥದ್ದೇ ಪೆಟ್ಟು ತಿಂದೆ. "ನಿನ್ನೆ ಮಗು ಏನು ಊಟ ಮಾಡಿತು?" ಎಂದರೆ "ಏನೂ ಇಲ್ಲ, ಹಾಲಷ್ಟೇ" ಎಂಬ ಉತ್ತರ, ಕೂಸಿನ ಕೈಯಲ್ಲಿ ರೊಟ್ಟಿಯ ಚೂರು. ಊಟ ಎಂದರೆ ತಟ್ಟೆ ಹಾಕಿ ಕುಳಿತು ಉಣ್ಣುವುದು, ರೊಟ್ಟಿ ಚೂರು, ಚುರುಮುರಿ, ಐದು ರೂಪಾಯಿಯ ಪಾಕೀಟು ಅದರಲ್ಲಿ ಬರುವುದಿಲ್ಲ. "ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು, ಯಾರು ಕೊಟ್ಟರು?" ಎಂದು ಕೇಳಲು ಶುರು ಮಾಡಿದ ಮೇಲೆ ಒಂದು ಹಾಳೆ ಸಾಲದಾಯಿತು.

ಏಪ್ರಿಲ್‌ನಲ್ಲಿ ಆ ಹುಡುಗನ ತಾಯಿ ತವರಿಗೆ ಹೋದವಳು ತಾಯಿ ಕಾರ್ಡ್‌ನ ಫೋಟೊ ಕಳುಹಿಸಿದಳು. ಜನವರಿ 19. ಅಜ್ಜಿಯ ಲೆಕ್ಕ ಎರಡು ದಿನ ತಪ್ಪಿತ್ತು, ದಾಖಲೆಯದು ಏಳು ವಾರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಶೇ 35.4. ಮೊದಲೆಲ್ಲ ಅದನ್ನು ಓದಿ ದಾಟುತ್ತಿದ್ದೆ. ಈಗ ಇಂಥ ಅಂಕಿ ಕಂಡರೆ ಹುಟ್ಟಿದ ದಿನಾಂಕ ಬರೆದುಕೊಂಡವರು ಹೇಗೆ ಕೇಳಿದರು ಎಂದು ಮೊದಲು ಹುಡುಕುತ್ತೇನೆ.

ನನ್ನ ಅಧ್ಯಯನದ ಒಂಬತ್ತು ಮಕ್ಕಳ ದಿನಾಂಕ ಕೊನೆಗೂ ಸಿಗಲಿಲ್ಲ. ಉದ್ದಕ್ಕೆ ತಕ್ಕ ತೂಕ ನೋಡಲು ವಯಸ್ಸು ಬೇಕಿಲ್ಲ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಎಂದು ಹೇಳಲೂ ತಾರೀಖು ಬೇಕಿಲ್ಲ. ಆ ಒಂಬತ್ತು ಮಕ್ಕಳನ್ನು ಆ ಎರಡು ಕೋಷ್ಟಕಗಳಲ್ಲಿ ಮಾತ್ರ ಉಳಿಸಿಕೊಂಡೆ. ವಯಸ್ಸಿನ ಮನೆಯಲ್ಲಿ ಅಡ್ಡಗೆರೆ ಎಳೆದಿದ್ದೇನೆ.