"ಯಾರ್ದು ಖರೆ ಅಕ್ಕೋರ?" ಅಂತ ಮಕ್ಕಳು ಕೇಳಿದಾಗ

"ಅಕ್ಕೋರ, ನಮ್ಮಾಯಿ ಜೀವಾನ ದೇವ್ರ ಹುಟ್ಟಿಸ್ಯಾನ ಅಂತಾಳ. ನೀವು ನೀರಾಗ ಹುಟ್ಟೇತಿ ಅಂತೀರಿ. ಯಾರ್ದು ಖರೆ?"

ಲೋಕಾಪುರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಮೊದಲ ವರ್ಷ "ಅದೆಲ್ಲ ಬರೀ ಕಥೆ" ಅಂದುಬಿಟ್ಟೆ. ಕೇಳಿದ ಹುಡುಗಿ ವರ್ಷ ಮುಗಿಯೋವರೆಗೂ ಮತ್ತೆ ಕೈ ಎತ್ತಲಿಲ್ಲ. ಇವತ್ತಿಗೂ ಅದು ನನಗೆ ನೋವು. ಅದಕ್ಕೇ ಹೇಳುತ್ತೇನೆ, ಉತ್ತರ ಕೊಡುವ ಅವಸರ ಬೇಡ. ಮೊದಲು ಒಂದು ಕಲ್ಲು ಹುಡುಕಿ.

ನಮ್ಮ ಲೋಕಾಪುರ, ಬಾಗಲಕೋಟೆ ಸೀಮೆಯಲ್ಲಿ ಸುಣ್ಣದ ಕಲ್ಲು ಜಾಸ್ತಿ. ಅದರಲ್ಲಿ ಕೆಲವು ಕಡೆ ಸ್ಟ್ರೊಮಾಟೊಲೈಟ್, ಅಂದರೆ ಬಹಳ ಹಿಂದಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು, ಸಿಗುತ್ತದೆ. ಬಂಡೆ ಒಡೆಯಬೇಡಿ, ಹೊಲದ ಒಡ್ಡಿಗೆ ಒಟ್ಟಿದ ಬಿಡಿ ಕಲ್ಲುಗಳಲ್ಲೇ ನೋಡಿ. ಒಣಗಿದ್ದಾಗ ಸುಮ್ನೆ ಬೂದು ಕಲ್ಲು. ನೀರು ಹಾಕಿ ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಗೋಳಗುಮ್ಮಟದ ನೆತ್ತಿಯ ಹಾಗೆ ಬಾಗಿದ ಸಣ್ಣ ಗೆರೆಗಳು ಒಂದರ ಮೇಲೊಂದು ಕಂಡರೆ ಅದೇ ಇರಬಹುದು. ನೇರ ಗೆರೆ ಮಾತ್ರ ಇದ್ದರೆ ನಂಬಬೇಡಿ, ಕೆಸರಿನ ಪದರವೂ ಹಾಗೇ ಕಾಣುತ್ತದೆ.

ಆಮೇಲೆ ಹೇಳಿ: ಇಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರ ಇತ್ತು. ಕೆರೆಯ ಪಾಚಿಯಂತೆ ಅಂಟಂಟಾದ ಸೂಕ್ಷ್ಮಜೀವಿಗಳು ತಳದಲ್ಲಿ ಹಾಸಿಕೊಂಡಿದ್ದವು. ಮೇಲೆ ಕೆಸರು, ಸುಣ್ಣ ಕೂತಿತು. ಬೆಳಕು ಬೇಕಲ್ವಾ, ಅವು ಮತ್ತೆ ಅದರ ಮೇಲೆ ಬೆಳೆದವು. ಹೀಗೆ ಪದರದ ಮೇಲೆ ಪದರ. 100 ಕೋಟಿ ವರ್ಷಕ್ಕಿಂತ ಹಿಂದಿನ ಮಾತು. ಆಸ್ಟ್ರೇಲಿಯಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯವು ಸಿಕ್ಕಿವೆ. ಭೂಮಿಯ ವಯಸ್ಸೇ ಸುಮಾರು 454 ಕೋಟಿ.

ವಿಜ್ಞಾನಕ್ಕೆ ಇನ್ನೂ ಸಿಗದ್ದನ್ನೂ ಮುಚ್ಚಿಡಬೇಡಿ. 1953ರಲ್ಲಿ ಶಿಕಾಗೋದ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಬುರುಡೆಯಲ್ಲಿ ನೀರಾವಿ, ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿ, ಮಿಂಚಿನ ಹಾಗೆ ಕಿಡಿ ಹಾರಿಸಿದರು. ಒಂದು ವಾರದಲ್ಲಿ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆ, ಬಂತು. ಜೀವ ಬರಲಿಲ್ಲ. ಮೊದಲ ಜೀವಕೋಶ ಹೇಗಾಯಿತು ಅನ್ನುವ ಹುಡುಕಾಟ ಇನ್ನೂ ನಡೆದಿದೆ. ಡಾರ್ವಿನ್ ಹೇಳಿದ್ದು ಬೇರೆ: ಜೀವ ಬಂದ ಮೇಲೆ ಅದು ಬದಲಾದ ಬಗೆ. ಇವೆರಡನ್ನು ಕಲಸಬೇಡಿ, ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ.

ಇನ್ನು ಆಯಿಯ ಮಾತು. ನಾನು ಹೀಗೆ ಹೇಳುತ್ತೇನೆ: ಕಲ್ಲಿನ ವಯಸ್ಸನ್ನು ಯಾವ ಧರ್ಮದವರು ಬೇಕಾದರೂ ಅಳೆಯಬಹುದು, ತಪ್ಪಿದ್ದರೆ ತೋರಿಸಬಹುದು. ಪಾಠದಲ್ಲಿ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ದೇವರನ್ನು ಅಳೆಯುವ ಸಾಧನ ನನ್ನ ಲ್ಯಾಬಿನಲ್ಲಿಲ್ಲ. ಆಯಿ ಕೈ ಮುಗಿಯುವುದನ್ನು ಬಿಡಿಸುವುದು ನನ್ನ ಕೆಲಸವೂ ಅಲ್ಲ. ಯಾರಾದರೂ "ಶಾಸ್ತ್ರದಲ್ಲಿ ಎಲ್ಲ ತೀರ್ಮಾನ ಆಗಿದೆ" ಅಂದರೆ ಋಗ್ವೇದದ ನಾಸದೀಯ ಸೂಕ್ತ ನೆನಪಿಸಿ. ಸೃಷ್ಟಿ ಎಲ್ಲಿಂದ ಬಂತೋ ಮೇಲಿಂದ ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಅಂತಲೇ ಅದು ಮುಗಿಯುತ್ತದೆ.

ಕೊನೆಗೆ ಕಲ್ಲನ್ನು ಒಂದು ರಾತ್ರಿ ಮಗುವಿನ ಜೊತೆ ಮನೆಗೆ ಕಳಿಸಿ. ಇದನ್ನು ಮಾತ್ರ ತಪ್ಪಿಸಬೇಡಿ. ಹೋದ ವರ್ಷ ಹುಡುಗನೊಬ್ಬ ಒಯ್ದ. ಅವನ ಆಯಿ ನೀರು ಹಚ್ಚಿ ನೋಡಿ, "ಉಳ್ಳಾಗಡ್ಡಿ ಹೆಚ್ಚಿದಂಗ ಐತಲ್ಲೋ" ಅಂದರಂತೆ. ಮರುದಿನ ಅವರ ಪ್ರಶ್ನೆ ಚೀಟಿಯಲ್ಲಿ ಬಂತು: "ಇದರಾಗ ಎಷ್ಟ ಪದರ ಅದಾವ, ಎಣಿಸೀರೇನ?"

ಆ ಪೀರಿಯಡ್ ಪೂರ್ತಿ ಎಣಿಸಿದೆವು. 61.